ಮೂಲಪುರುಷ ದೋಣಿಯಿಂದ ಬಿದ್ದದ್ದು

ನಾಯಕನ ಮಗನ ಮದುವೆಯ ದಿನ ಬೆಳಿಗ್ಗೆ ಕುಲದ ಹಾಡುಗಾರ ಗಿಲ್ಲೀಸ್‌ನ ಗಂಟಲು ಕಟ್ಟಿತು. ಮ್ಯಾಕ್‌ಹೋರ್ಗಿಲ್ ಕುಲದ ವಂಶಾವಳಿಯನ್ನು ಮದುವೆಯ ಸಭೆಯಲ್ಲಿ ತಪ್ಪಿಲ್ಲದೆ ಹಾಡಬಲ್ಲವನು ಅವನೊಬ್ಬನೇ. ಇಲ್ಲವೆಂದರೆ ಅವನ ಬಾಯಿಂದ ಕೇಳಿ ಕಲಿತ ಮಗಳು ಮುರಿಯಲ್.

"ನೀನೇ ಹೇಳು," ಎಂದು ಅಪ್ಪ ಕೈಸನ್ನೆ ಮಾಡಿದ.

"ಅಯ್ಯೋ, ನಾನಾ? ನಾಯಕರ ಮುಂದೆನಾ?"

ನಾಯಕ ಫಾರ್ಕರ್‌ನ ಮನೆಯಲ್ಲಿ ಆಗಲೇ ಹಬೆಯಾಡುವ ಸಾಲ್ಮನ್ ಮೀನು, ಓಟ್ಸ್ ರೊಟ್ಟಿ, ವಿಸ್ಕಿಯ ಪೀಪಾಯಿಗಳು. ಸೊಸೆಯಾಗಿ ಬಂದ ಓರಿಕ್ ಮುಖ ಬಿಗಿದುಕೊಂಡು ಕೂತಿದ್ದಳು. ಅವಳ ತವರಿನ ಹಾಡುಗಾರ ಎದ್ದು, ತಮ್ಮ ಕುಲ ಈಜಿಪ್ಟಿನ ರಾಜಕುಮಾರಿಯಿಂದ ಇಳಿದದ್ದೆಂದು ಕೊಚ್ಚಿಕೊಂಡ. ಎಲ್ಲರ ಕಣ್ಣೂ ಮುರಿಯಲ್ ಕಡೆ ತಿರುಗಿತು.

ಅವಳು ಧೈರ್ಯಕ್ಕೆಂದು ಒಂದು ಬಟ್ಟಲು ವಿಸ್ಕಿಯನ್ನು ಗಟಗಟ ಕುಡಿದು ಶುರು ಮಾಡಿದಳು. "ಫಾರ್ಕರ್, ಈವರ್‌ನ ಮಗ, ಈವರ್, ಸೋರ್ಲಿಯ ಮಗ, ಸೋರ್ಲಿ..." ಅಷ್ಟೇ. ಮುಂದಿನ ಹೆಸರು ತಲೆಯಿಂದ ಹಾರಿಹೋಯಿತು. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಅಪ್ಪ ತುಟಿ ಅಲ್ಲಾಡಿಸುತ್ತಿದ್ದ, ಮೀನು ಬಾಯಿ ಬಿಟ್ಟಂತೆ ಕಂಡಿತೇ ಹೊರತು ಒಂದಕ್ಷರವೂ ತಿಳಿಯಲಿಲ್ಲ. ಏನಾದರೂ ಹೇಳಲೇಬೇಕಿತ್ತು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಅಜ್ಜಿ ಹೇಳುತ್ತಿದ್ದ ಕಥೆ ಬಾಯಿಗೆ ಬಂತು.

"ನಮ್ಮ ಮೂಲಪುರುಷ ಹೋರ್ಗಿಲ್ ನಾರ್ವೆಯ ರಾಜಕುಮಾರ ಅಂತಾರೆ. ಅಲ್ಲ. ದೋಣಿಗೆ ಹುಟ್ಟು ಹಾಕೋ ಆಳು. ಕುಡಿದು ದೋಣಿಯ ಹಲಗೆ ಮೇಲೆ ಕುಣೀತಾ ಕುಣೀತಾ ಸಮುದ್ರಕ್ಕೆ ಬಿದ್ದ. ಜೊತೆಯವರಿಗೆ ಗೊತ್ತೇ ಆಗ್ಲಿಲ್ಲ!"

ಸಭೆಯಲ್ಲಿ ಊಟದ ಕೈಗಳು ಅರ್ಧಕ್ಕೇ ನಿಂತವು. ನಿಲ್ಲಿಸಲು ಅವಳಿಗೆ ಆಗಲಿಲ್ಲ.

"ಬೆಣ್ಣೆ ಪೀಪಾಯಿ ಹಿಡ್ಕೊಂಡು ದಡಕ್ಕೆ ಬಂದ. ಅಲ್ಲಿ ದನ ಕಾಯೋ ಬೇಹಕ್ ಅನ್ನೋ ಹುಡುಗಿ ಇದ್ದಳು. ಇವನಿಗೆ ಅವಳ ಭಾಷೆ ಬರದು. ಹಾಲು ಕರೀತೀಯಾ ಅಂದಳು, ತಲೆ ಆಡಿಸಿದ. ನಮ್ಮ ಹೋರಿ ಬಂಡೆ ಮೇಲೆ ಸಿಕ್ಕಿಬಿದ್ದಿದೆ, ಇಳಿಸ್ತೀಯಾ ಅಂದಳು, ತಲೆ ಆಡಿಸಿದ. ಹೋರಿ ಅವನನ್ನೇ ಕೆಳಗಿಳಿಸ್ತು. ಮದುವೆ ಆಗ್ತೀಯಾ ಅಂದಳು..."

ಫಾರ್ಕರ್ ಕೂಡ ಹಾಗೆಯೇ ಗಂಭೀರವಾಗಿ ತಲೆ ಆಡಿಸುತ್ತಿದ್ದ. ಮೊದಲಿಂದಲೂ ಆಡಿಸುತ್ತಲೇ ಇದ್ದ. ಅದನ್ನು ಮೊದಲು ಕಂಡವಳು ಓರಿಕ್. "ಅಯ್ಯಯ್ಯೋ, ಮಾವನ್ನ ನೋಡ್ರೋ!" ಎಂದು ಕಿರುಚಿ ನಗುತ್ತ ನಗುತ್ತ ಬೆಂಚಿನಿಂದ ಜಾರಿ ನೆಲಕ್ಕೆ ಕೂತಳು. ಸೊಸೆ ನಕ್ಕಮೇಲೆ ಇನ್ನಾರು ತಡೆಯುತ್ತಾರೆ? ಎರಡೂ ಕುಲದವರು ಹೊಟ್ಟೆ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಒರಗಿದರು. ಈಜಿಪ್ಟಿನ ಹಾಡುಗಾರನ ಮೂಗಿನಿಂದ ವಿಸ್ಕಿ ಬಂತು.

ಫಾರ್ಕರ್ ಎದ್ದು ನಿಂತ. ಮುಖ ಕೆಂಪಗಾಗಿತ್ತು. ಮುರಿಯಲ್ ಒಂದು ಹೆಜ್ಜೆ ಹಿಂದೆ ಸರಿದಳು.

"ಹುಡುಗಿ, ಇದು ನಿಜಾನಾ?"

"ಅಜ್ಜಿ ಹೇಳಿದ್ದು, ದೊರೆ."

"ನಮ್ಮಜ್ಜಿನೂ ಅದನ್ನೇ ಹೇಳ್ತಿದ್ದಳು ಕಣೇ! ಯಾರಿಗೂ ಹೇಳಬೇಡ ಅಂತ ಕಿವಿ ಹಿಂಡ್ತಿದ್ದಳು. ಇಷ್ಟು ವರ್ಷ ರಾಜಕುಮಾರನ ಮೊಮ್ಮಗನ ಹಾಗೆ ನಡೆದೂ ನಡೆದೂ ಬೆನ್ನು ನೋವು ಬಂದಿದೆ ನನಗೆ!" ಎಂದವನೇ ಬೆಂಚಿನ ಮೇಲೆ ಹತ್ತಿ ಕುಣಿಯತೊಡಗಿದ.

ಬ್ಯಾಗ್‌ಪೈಪ್ ಊದುವವನಿಗೆ ನಗುವಿನಲ್ಲಿ ಉಸಿರು ಸಿಗದೆ ವಾದ್ಯ ಕತ್ತೆಯಂತೆ ಕೂಗಿತು. ಆದರೂ ಕುಣಿದರು. ಓರಿಕ್ ಬಂದು ಮುರಿಯಲ್‌ಳ ಎರಡೂ ಕೈ ಹಿಡಿದು ಎಳೆದಳು. "ರಾಜರ ಮನೆ ಅಂತ ಹೆದರಿ ಸತ್ತುಹೋಗಿದ್ದೆ ಕಣೇ. ಬಾ, ಬಾ!" ಇಬ್ಬರೂ ಗಿರಗಿರ ಸುತ್ತಿದರು. ಸುತ್ತುವಾಗ ಮುರಿಯಲ್‌ಗೆ ಮೂಲೆಯಲ್ಲಿ ಕೂತ ಅಪ್ಪ ಕಂಡ. ದನಿಯಿಲ್ಲದ ನಗೆಯಲ್ಲಿ ಅವನ ಭುಜ ಕುಲುಕುತ್ತಿತ್ತು, ಗಡ್ಡವೆಲ್ಲ ಒದ್ದೆಯಾಗಿತ್ತು.