ಬಿಸಿನೀರಕ್ಕನ ಸಲಹೆ

"ಏಯ್, ಆ ಕುರ್ಚಿ ಬಿಟ್ಟೇಳು. ಅದು ಸೇವೆ ಕೊಡೋರಿಗೆ," ಎಂದ ಏಜೆನ್ಸಿಯ ಯಜಮಾನ.

ಬಿಸಿನೀರಕ್ಕ ಎದ್ದಳು. ಹನ್ನೊಂದು ವರ್ಷದಿಂದ ಮನೆಮನೆಗೆ ಹೋಗಿ, ಹಾಸಿಗೆ ಹಿಡಿದ ಮುದುಕರ ಮೈ ತೊಳೆದವಳು ಅವಳು. ಆದರೆ ಸರ್ಕಾರದ ಕಾಗದದಲ್ಲಿ ಸೇವೆ ಕೊಡುವವರೆಂದರೆ ಏಜೆನ್ಸಿಗಳ ಯಜಮಾನರು. ಹೆತ್ತ ತಾಯಿಗೆ ಒಂದು ಲೋಟ ನೀರು ಕೊಟ್ಟವರೋ ಅಲ್ಲವೋ, ಅದು ದೇವರಿಗೇ ಗೊತ್ತು. ಅಂಥ ನಲವತ್ತು ಮಂದಿ ಮೆತ್ತನೆಯ ಕುರ್ಚಿಗಳಲ್ಲಿ ಕುಳಿತು ಬಿಸ್ಕತ್ತು ತಿನ್ನುತ್ತಿದ್ದರು. ವೃದ್ಧರನ್ನು ಮನೆಯಲ್ಲೇ ನೋಡಿಕೊಳ್ಳುವ ಪದ್ಧತಿಯನ್ನು ಸರ್ಕಾರ ಸುಧಾರಿಸಲು ಹೊರಟಿತ್ತು. ಅದಕ್ಕೆ ಇವರ ಅಭಿಪ್ರಾಯ ಕೇಳುವ ಸಭೆ ಇದು. ಒಬ್ಬೊಬ್ಬರೂ ಒಬ್ಬ ಕೆಲಸದವಳನ್ನು ಕರೆತರಬೇಕೆಂದು ಆಹ್ವಾನದ ಕೊನೆಯ ಸಾಲಿನಲ್ಲಿತ್ತು. ಆ ಸಾಲಿನ ಪುಣ್ಯದಿಂದ ಅವಳು ಬಂದಿದ್ದಳು.

ಗೋಡೆಗೆ ಒರಗಿ ನಿಂತ ಹೆಂಗಸರ ನಡುವೆ ಅವಳೂ ಹೋಗಿ ನಿಂತಳು. ಯಜಮಾನ ಹಿಂದೆಯೇ ಬಂದು ದನಿ ತಗ್ಗಿಸಿದ.

"ಸರ್ಕಾರದ ಸಾಹೇಬ್ರು ಕೇಳಿದ್ರೆ ಸ್ನಾನಕ್ಕೆ ಇಪ್ಪತ್ತು ನಿಮಿಷ ಸಾಕು ಅನ್ನು. ಇಲ್ಲಾಂದ್ರೆ ಆ ದರ್ಜಿ ಮುದುಕನ ಮನೆಗೆ ಮತ್ತೆ ಹೊಸಬಳನ್ನೇ ಹಾಕ್ತೀನಿ."

"ಅವನ ಅಂಗೈ ಏನಾಗಿದೆ ಅಂತ ನೋಡಿದೀರಾ ಯಜಮಾನ್ರೇ?"

"ಅಂಗೈ ನೋಡೋಕೆ ನಾನೇನು ಜ್ಯೋತಿಷಿನೇನೇ?"

ಲಕ್ವ ಹೊಡೆದಂದಿನಿಂದ ದರ್ಜಿಯಜ್ಜನ ಬಲಗೈ ಮುಷ್ಟಿಯಾಗಿ ಬಿಗಿದುಹೋಗಿತ್ತು. ಹೆಬ್ಬೆರಳು ಒಳಗೆ, ಉಳಿದ ನಾಲ್ಕು ಅದರ ಮೇಲೆ. ಅದನ್ನು ಬಿಡಿಸಲು ಬಿಸಿನೀರಕ್ಕನಿಗೆ ತನ್ನದೇ ಒಂದು ಕ್ರಮವಿತ್ತು. ಕೈಯನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕಿರುಬೆರಳಿನಿಂದ ಶುರುಮಾಡುತ್ತಿದ್ದಳು. ಒಂದೊಂದು ಬೆರಳಿಗೂ ಅವನ ಒಬ್ಬೊಬ್ಬ ಹಳೆಯ ಗಿರಾಕಿಯ ಸುದ್ದಿ ಕೇಳುತ್ತಿದ್ದಳು. ಯಾರ ಕೋಟಿನ ತೋಳು ಗಿಡ್ಡವಾಯಿತು, ಯಾರ ಷರಾಯಿಯ ಹೊಲಿಗೆ ಮದುವೆಯ ದಿನವೇ ಬಿಚ್ಚಿಕೊಂಡಿತು ಎಂದು ಅಜ್ಜ ತೊದಲುತ್ತ ನಗುವಾಗ ಬೆರಳು ತಾನಾಗಿ ಸಡಿಲುತ್ತಿತ್ತು. ಅದಕ್ಕೇ ಅರ್ಧ ಗಂಟೆ ಬೇಕು. ಸ್ನಾನ ಆಮೇಲೆ. ಬಿಸಿನೀರಕ್ಕ ಎಂಬ ಹೆಸರೂ ಅವನಿಟ್ಟದ್ದೇ.

ಹೋದ ತಿಂಗಳು, ಹೊಸ ಪದ್ಧತಿಯ ಪ್ರಯೋಗವೆಂದು ಏಜೆನ್ಸಿ ಎಲ್ಲರಿಗೂ ಒಂದೊಂದು ಫೋನ್ ಕೊಟ್ಟಿತು. ಮನೆಯೊಳಗೆ ಕಾಲಿಟ್ಟಾಗ ಒತ್ತಬೇಕು. ಇಪ್ಪತ್ತು ನಿಮಿಷಕ್ಕೆ ಅದು ಕೂಗಲು ತೊಡಗುತ್ತದೆ. 'ಮುಗಿಯಿತು' ಎಂದು ಒತ್ತುವ ತನಕ ನಿಲ್ಲಿಸುವುದಿಲ್ಲ. ಬಿಸಿನೀರಕ್ಕ ನಿಧಾನವೆಂದು ಅಜ್ಜನ ಮನೆಗೆ ಹೊಸಬಳನ್ನು ಕಳಿಸಿದರು. ಆ ಹುಡುಗಿ, ಪಾಪ, ಫೋನಿಗೆ ಹೆದರಿ ಬಿಗಿದ ಮುಷ್ಟಿಯ ಮೇಲೆಯೇ ಸೋಪು ತಿಕ್ಕಿ ಓಡುತ್ತಿದ್ದಳು.

ಇಂದು ಬೆಳಿಗ್ಗೆ ಅಜ್ಜನ ಮಗಳು ಅಳುತ್ತ ಬಂದು ಕರೆದಳು. ಬಿಸಿನೀರಕ್ಕ ಹೋಗಿ ನಾಲ್ಕು ಬೆರಳು ಬಿಡಿಸಿದಳು. ನಡುಬೆರಳಿನ ಉಗುರು ಅಂಗೈಯ ಮಾಂಸದೊಳಗೆ ಇಳಿದಿತ್ತು. ಕೀವು ಒರೆಸಿದಳು. ಹೆಬ್ಬೆರಳಿಗೆ ಕೈಹಾಕುವಷ್ಟರಲ್ಲಿ ಯಜಮಾನನ ಕಾರು ಬಾಗಿಲಲ್ಲಿ ಹಾರ್ನ್ ಹೊಡೆಯಿತು. "ಮಧ್ಯಾಹ್ನದೊಳಗೆ ಬರ್ತೀನಜ್ಜ," ಎಂದು, ಒರೆಸಿದ ಬಟ್ಟೆಯನ್ನು ಚೀಲಕ್ಕೆ ತುರುಕಿಕೊಂಡು ಹೊರಟಿದ್ದಳು.

ಈಗ ಸಭೆಯ ವೇದಿಕೆಯಲ್ಲಿ, ಮೇಜಿನ ಮೇಲೆ ರಬ್ಬರಿನ ಗೊಂಬೆಯೊಂದು ಅಂಗಾತ ಮಲಗಿತ್ತು. ಎಲ್ಲ ಕೆಲಸದವರೂ ಫೋನ್ ಒತ್ತಿ ಎಂದು ಆಜ್ಞೆಯಾಯಿತು, ಒತ್ತಿದರು. ಟೈ ಕಟ್ಟಿದ ತಜ್ಞನೊಬ್ಬ ಗೊಂಬೆಗೆ ಹನ್ನೊಂದು ನಿಮಿಷದಲ್ಲಿ ಸ್ನಾನ ಮಾಡಿಸಿದ. ಚಪ್ಪಾಳೆ ಬಿತ್ತು. ಉಳಿದವರೆಲ್ಲ 'ಮುಗಿಯಿತು' ಒತ್ತಿದರು. ಬಿಸಿನೀರಕ್ಕ ಒತ್ತಲಿಲ್ಲ.

"ನೋಡಿ, ಇನ್ನೂ ಒಂಬತ್ತು ನಿಮಿಷ ಉಳೀತು," ಎಂದರು ಸಾಹೇಬರು. "ಅದರಲ್ಲಿ ಹಿರಿಯರ ಹತ್ತಿರ ಪ್ರೀತಿಯಿಂದ ಮಾತಾಡಬಹುದು."

ಪ್ರೀತಿಯ ಬಗ್ಗೆ ಅವರು ಆರು ನಿಮಿಷ ಮಾತಾಡಿದರು. ಆಮೇಲೆ ಗೋಡೆಯ ಕಡೆ ಬೆರಳು ತೋರಿಸಿದರು. "ಏನಮ್ಮಾ, ಚೀಲದವಳೇ, ಇಪ್ಪತ್ತು ನಿಮಿಷ ಸಾಕಲ್ವಾ?"

"ಗೊಂಬೆಗೆ ಅದೂ ಜಾಸ್ತಿನೇ ಸಾಹೇಬ್ರೇ. ಕೈ ಚಾಚ್ಕೊಂಡು ಮಲಗಿದೆ. ನಮ್ಮಜ್ಜ ಮುಷ್ಟಿ ಬಿಚ್ಚಲ್ಲ."

"ಬಿಚ್ಚದಿದ್ರೆ ಬಿಟ್ಬಿಡು. ಪಟ್ಟಿಯಲ್ಲಿ ಸ್ನಾನ ಅಂತಿದೆ, ಮುಷ್ಟಿ ಬಿಚ್ಚೋದು ಅಂತಿಲ್ಲ." ಕುರ್ಚಿಗಳೆಲ್ಲ ನಕ್ಕವು.

"ಬಿಟ್ಟಿದ್ರು. ಉಗುರು ಅಂಗೈಲಿ ಬೇರು ಬಿಟ್ಟಿತ್ತು. ಹುಳ ಬೀಳೋದೊಂದು ಬಾಕಿ."

"ಬಾಯ್ಮುಚ್ಚೇ ಮುಂಡೆ," ಎಂದು ಯಜಮಾನ ಹಲ್ಲು ಕಚ್ಚಿದ.

ಸಾಹೇಬರು ಕೈಲಿದ್ದ ಬಿಸ್ಕತ್ತನ್ನು ಕೆಳಗಿಟ್ಟರು. "ತಿನ್ನೋ ಹೊತ್ತಲ್ಲಿ ಇದೆಲ್ಲ ಯಾಕಮ್ಮ? ಏನಿದ್ರೂ ಸಲಹಾ ಪೆಟ್ಟಿಗೆಗೆ ಹಾಕು. ಅರಗಿನ ಸೀಲ್ ಹಾಕಿದೀವಿ. ತಿಂಗಳಾದ ಮೇಲೆ ಸಮಿತಿ ಮುಂದೆನೇ ತೆಗೆಯೋದು. ಅಲ್ಲೀವರೆಗೆ ನಾನೂ ಮುಟ್ಟೋ ಹಾಗಿಲ್ಲ."

"ಯಾರೂ ತೆಗೆಯೋ ಹಾಗಿಲ್ವಾ?"

"ಯಾರೂ."

ಬಿಸಿನೀರಕ್ಕ ವೇದಿಕೆ ಹತ್ತಿದಳು. ಗಾಜಿನ ಪೆಟ್ಟಿಗೆ, ಕಾಗದದ ಕಂತೆಯೇ ಹಿಡಿಸುವಂಥ ಬಾಯಿ. ಅವಳು ಚೀಲದಿಂದ ಬೆಳಗಿನ ಬಟ್ಟೆಯನ್ನು ತೆಗೆದು, ಫೋನನ್ನು ಅದರಲ್ಲಿ ಸುತ್ತಿ ಒಳಗೆ ಹಾಕಿದಳು. ಹಳದಿ ಕೀವು ಗಾಜಿಗೆ ಅಂಟಿತು. ಮೊದಲ ಸಾಲಿನವರು ಮೂಗಿಗೆ ಕರವಸ್ತ್ರ ಹಿಡಿದರು.

ಬಾಗಿಲಲ್ಲಿ ಯಜಮಾನ ಅಡ್ಡ ನಿಂತ. "ಆ ಮನೆ ಮೆಟ್ಟಿಲು ಹತ್ತಿದ್ರೆ ಕಾಲು ಮುರೀತೀನಿ, ಕಳ್ಳ ರಂಡೆ. ಇವತ್ತಿಂದ ನೀನು ನಮ್ಮೋಳಲ್ಲ."

"ನೀವೂ ಒಂದಿನ ಮಲಗ್ತೀರಿ ಯಜಮಾನ್ರೇ," ಎಂದಳು ಅವಳು. "ದೇವ್ರು ನಿಮಗೂ ಇಪ್ಪತ್ತು ನಿಮಿಷ ಕೊಡ್ಲಿ."

ಅವಳು ಮೆಟ್ಟಿಲಿಳಿಯುವಾಗ ಮೇಲೆ ಫೋನ್ ಕೂಗಲು ತೊಡಗಿತು. ಒತ್ತಿ, ಒತ್ತಿ ಎಂದು ಯಾರೋ ಅರಚಿದರು. ಸೀಲ್, ಸೀಲ್ ಎಂದರು ಸಾಹೇಬರು.

ಅವಳು ತಿರುಗಿ ನೋಡಲಿಲ್ಲ. ನೀರು ಕಾಯಿಸಬೇಕಿತ್ತು, ಹೆಬ್ಬೆರಳೊಂದು ಉಳಿದಿತ್ತು.