ಹತ್ತರಲ್ಲಿ ಮೂರು

“ಮೂರು,” ಎಂದಳು ಓಲೀಟಾ. ಆಸ್ಪತ್ರೆಯ ಮಂಚದ ಕಂಬಿಯನ್ನು ಹಿಡಿದಿದ್ದ ಅವಳ ಬೆರಳುಗಳು ಬಿಳಿಚಿಕೊಂಡಿದ್ದವು.

ನೋವು ಹತ್ತರಲ್ಲಿ ಎಷ್ಟು ಎಂದು ನರ್ಸ್ ಕೆಂಡ್ರಾ ಕೇಳಿದಾಗಲೆಲ್ಲ ಇದೇ ಉತ್ತರ. ಎದೆಯಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿದೆ, ಮಗ್ಗುಲಾಗಬೇಕೆಂದರೂ ಹಲ್ಲು ಕಚ್ಚಬೇಕು; ಇವಳಿಗೆ ಮೂರಂತೆ. ಅಮೆರಿಕದ ಕೆಂಟಕಿಯ ಈ ಗುಡ್ಡಗಳಲ್ಲಿ, ನೋವಿನ ಮಾತ್ರೆಯ ಚಟಕ್ಕೆ ಯಾರನ್ನೂ ಕಳೆದುಕೊಳ್ಳದ ಮನೆಯ ಸಾಸಿವೆ ತಾ ಎಂದರೆ ಬರಿಗೈಯಲ್ಲಿ ಬರಬೇಕಾದೀತು. ಬಾಯಿಬಿಟ್ಟು ಆ ಔಷಧಿ ಕೇಳಿದವರಿಗೆ ಊರು ಬೇರೆಯೇ ಹೆಸರಿಡುತ್ತದೆ.

“ಅಜ್ಜಿ, ಬಟನ್ ನಿಮ್ಮ ಕೈಲೇ ಇದೆ. ಒತ್ತಿದ್ರೆ ಔಷಧಿ ನೇರ ನರಕ್ಕೆ ಹೋಗುತ್ತೆ. ಜಾಸ್ತಿ ಆಗದ ಹಾಗೆ ಮಿಷನ್ನೇ ನೋಡ್ಕೊಳ್ಳುತ್ತೆ,” ಎಂದಳು ಕೆಂಡ್ರಾ.

“ನೋಡೋಣಮ್ಮ. ನಿಂದು ತಿಂಡಿ ಆಯ್ತಾ?”

ಕೆಂಡ್ರಾಳ ಹಿಂದೆಯೇ ಓಲೀಟಾಳ ಗಂಡ ವರ್ಲಿನ್ ಹೊರಗೆ ಹೋದ. ಕಲ್ಲಿದ್ದಲ ಗಣಿಯಲ್ಲಿ ಆಯುಷ್ಯ ಸವೆಸಿದ ದೊಡ್ಡ ಆಳು, ಚಾಡಿ ಹೇಳುವ ಹುಡುಗನಂತೆ ದನಿ ತಗ್ಗಿಸಿದ.

“ಸುಳ್ಳು ಹೇಳ್ತಾಳೆ ಕಣಮ್ಮ. ಮೂರಲ್ಲ, ಒಂಬತ್ತು. ಅವಳು ಕಣ್ಣು ಮುಚ್ಚಿದಾಗ ನಾನೇ ಒತ್ತಿಬಿಡ್ಲಾ?”

“ಅಯ್ಯೋ, ಬೇಡಿ ತಾತ. ಮಿಷನ್ ಇದ್ರೂ ಬೇರೆಯವರು ಒತ್ತಿ ಉಸಿರು ನಿಂತುಹೋಗಿರೋದುಂಟು. ಮಂಪರು ಹತ್ತಿದೋರು ತಾವಾಗಿ ಒತ್ತಲ್ಲ, ಅದೇ ಅದರ ಕಾವಲು. ಬುದ್ಧಿ ಸರಿಯಾಗಿರೋರು ಬೇಡ ಅಂದ್ರೆ ನಾವೂ ಬಲವಂತ ಮಾಡೋ ಹಾಗಿಲ್ಲ. ಡಾಕ್ಟರು ಸಂಜೆ ಮತ್ತೆ ಬಂದು ಮಾತಾಡ್ತಾರೆ.”

ವರ್ಲಿನ್ ಒಳಗೆ ಬಂದು ಮಂಚದ ಪಕ್ಕ ಕುಳಿತ. “ಒತ್ತೇ, ಓಲೀಟಾ. ನಿನ್ನ ಕಾಲಿಗೆ ಬೀಳ್ತೀನಿ.”

“ಬಿದ್ರೆ ಎಬ್ಬಿಸೋರ್ಯಾರು? ನಿನ್ನ ಮೊಣಕಾಲು ನೋಡ್ಕೋ.”

ನಗಲು ಹೋಗಿ ಅವಳ ಮುಖ ಹಿಂಡಿಕೊಂಡಿತು. ನೋವು ಒಂದಿಷ್ಟು ಸರಿದ ಮೇಲೆ ಹೇಳಿದಳು: “ನಮ್ಮ ಡಾರೆಲ್ ಕೇಳಿದ್ದ. ಅಡುಗೆಮನೆ ನೆಲದ ಮೇಲೆ ಮುದುಡಿಕೊಂಡು, ಅಮ್ಮ ಒಂದೇ ಒಂದು ಕೊಡು ಅಂದ. ನಿನ್ನ ಬೆನ್ನುನೋವಿನ ಮಾತ್ರೆ ಪೆಟ್ಟಿಗೇಲಿತ್ತು, ಬೀಗದಕೈ ನನ್ನ ಕೊರಳಲ್ಲಿ. ನಾಟಕ ಆಡ್ಬೇಡ ಅಂದೆ. ಹೆತ್ತ ಮಗನಿಗೆ ಕೊಡದೇ ಇದ್ದಿದ್ದನ್ನ ನಾನು ಹ್ಯಾಗೆ ತಗೊಳ್ಳಲಿ?”

ಅಂದು ಮನೆಯಿಂದ ಹೊರಟ ಡಾರೆಲ್ ಯಾರೋ ಕೊಟ್ಟ ಮಾತ್ರೆ ನುಂಗಿ, ಪೆಟ್ರೋಲ್ ಬಂಕಿನ ಕಕ್ಕಸಿನಲ್ಲಿ ಹೆಣವಾಗಿ ಸಿಕ್ಕಿದ್ದ.

“ಬೀಗ ತಂದಿದ್ದು ನಾನು,” ಎಂದ ವರ್ಲಿನ್.

“ಹಾಕಿದ್ದು ನಾನು.”

ಗಣಿಯ ಸೂರು ಕುಸಿದಾಗಲೂ ವರ್ಲಿನ್‌ಗೆ ಹೀಗೆ ದಿಕ್ಕು ತೋಚದೆ ಹೋಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಓಲೀಟಾಳಿಗೆ ಜ್ವರ ಏರಿತು. ಚರ್ಚಿನ ಹೆಂಗಸರು ತಂದಿಟ್ಟ ಹುರುಳಿಕಾಯಿ, ಜೋಳದ ಬ್ರೆಡ್ಡು ಕಿಟಕಿಯ ಬಳಿ ಆರಿ ತಣ್ಣಗಾಗಿದ್ದವು. ಅವಳು ಕಣ್ಣು ತೆರೆದು ಗಂಡನನ್ನು ನೋಡಿದಳು. ಮುಖ ಅರಳಿತು.

“ಬಂದ್ಯಾ ಮಗನೇ?” ಎಂದು ಬಟನ್ ಹಿಡಿದಿದ್ದ ಕೈಯನ್ನು ಅವನತ್ತ ಚಾಚಿದಳು. “ತಗೋ. ಅಪ್ಪನಿಗೆ ಹೇಳ್ಬೇಡ.”

ಎಲ್ಲರಿಗೂ ಬಡಿಸಿಯಾದ ಮೇಲೇ ತಟ್ಟೆ ಹಿಡಿಯುತ್ತಿದ್ದ ಹೆಂಗಸು ಅವಳು. ಅದು ನೆನಪಾಗಿ, ವರ್ಲಿನ್ ಮಗನಂತೆಯೇ ಹೇಳಿದ: “ನಂಗೆ ಸಿಕ್ತಮ್ಮ. ಹೊಟ್ಟೆ ತುಂಬ ಸಿಕ್ತು. ಈಗ ನೀನು ತಗೋ.”

ಅವಳು ಅವನನ್ನೇ ದಿಟ್ಟಿಸಿದಳು.

“ಯಾವಾಗ್ಲೂ ಸುಳ್ಳೇ ನಿಂದು,” ಎಂದಳು ಪ್ರೀತಿಯಿಂದ. ಬಟನ್ನನ್ನು ಅವನ ಅಂಗೈಗೆ ತುರುಕಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. “ಒತ್ತು ಮಗನೇ, ಒತ್ತು.”

ವರ್ಲಿನ್ ಎಡಗೈಯಿಂದ ನರ್ಸನ್ನು ಕರೆಯುವ ಗಂಟೆ ಒತ್ತಿದ. ಬಾಗಿಲ ಮೇಲೆ ದೀಪ ಹತ್ತಿತು. ಬಲಗೈಯ ಹೆಬ್ಬೆರಳು ಬಟನ್ನಿಗೆ ತಾಗದಂತೆ ಮೇಲಕ್ಕೆತ್ತಿ ಹಿಡಿದು, ಅವನು ಬಾಗಿಲನ್ನೇ ನೋಡುತ್ತ ಕುಳಿತ.