ಸಸ್ಯಾಹಾರಿಗಳಿಗೆ ಮಾತ್ರ

“ಮುಂದಿನ ತಿಂಗಳು ಮನೆ ಖಾಲಿ ಮಾಡ್ತೀವಮ್ಮಾ,” ಎಂದು ಧನಲಕ್ಷ್ಮಿ ಮೆಟ್ಟಿಲ ಮೇಲಿಂದ ಹೇಳಿದಾಗ, ಗೋಪಾಲಮ್ಮನ ಕೈಯಲ್ಲಿದ್ದ ನೀರಿನ ಪೈಪು ಗಿಡ ಬಿಟ್ಟು ಅವಳ ಕಾಲನ್ನೇ ನೆನೆಸಿತು.

ಅಲ್ಲಾಳಸಂದ್ರದ ಆ ಮನೆಯ ಮಹಡಿಗೆ ಬಾಡಿಗೆಗೆ ಬಂದುಹೋದವರು ಬೇಕಾದಷ್ಟು ಮಂದಿ. ದಿನಾ ‘ಊಟ ಆಯ್ತಾ ಅಮ್ಮಾ’ ಎಂದು ಕೇಳಿದವಳು ಇವಳೊಬ್ಬಳೇ. ಈಗ ತುಂಬು ಬಸುರಿ. ಹುಟ್ಟುವ ಮಗು ತನ್ನ ಅಂಗಳದಲ್ಲೇ ಅಂಬೆಗಾಲಿಡುತ್ತದೆ ಎಂದು ಗೋಪಾಲಮ್ಮ ಆಗಲೇ ಆಸೆ ಕಟ್ಟಿಕೊಂಡಿದ್ದಳು.

ತನ್ನಿಂದ ಏನು ತಪ್ಪಾಯಿತು? ಇವರಿಗೋಸ್ಕರ ಒಂದು ವರ್ಷದಿಂದ ಒಲೆಗೆ ಮಾಂಸ ಏರಿಸಿರಲಿಲ್ಲ. ಬೀದಿಯವರೆಲ್ಲ ಬರೆಸಿದ್ದಾರೆಂದು ಅಳಿಯ ಮಹೇಂದ್ರನೂ ಬಾಡಿಗೆ ಬೋರ್ಡಿನಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆಸಿಬಿಟ್ಟಿದ್ದ. ಬಂದವರೂ ಹೂಂ ಅಂದಿದ್ದರು. ಅಂದಿನಿಂದ ಭಾನುವಾರ ಬಂತೆಂದರೆ ಗೋಪಾಲಮ್ಮ ದೇವಸ್ಥಾನಕ್ಕೆಂದು ಹೇಳಿ ರಾಜಾನುಕುಂಟೆಯ ತಂಗಿ ಮನೆಗೆ ಹೋಗಿ ಬಾಡೂಟ ಉಂಡು, ವಾಸನೆ ಮರೆಸಲು ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಬರುತ್ತಿದ್ದಳು. ನಾಲಿಗೆ ಕೇಳಬೇಕಲ್ಲ.

ಮನಸ್ಸು ತಡೆಯದೆ ಸಂಜೆ ಮಹಡಿ ಹತ್ತಿದಳು. ನೀರು ಸಾಲುತ್ತಿಲ್ಲವಾ, ಬಚ್ಚಲು ಕಟ್ಟಿಕೊಂಡಿದೆಯಾ ಎಂದೆಲ್ಲ ಕೇಳಿದಳು. ಧನಲಕ್ಷ್ಮಿ ಕಣ್ಣೊರೆಸಿಕೊಂಡಳು.

“ಸುಳ್ಳು ಹೇಳಿ ಮನೆ ಹಿಡಿದ್ವಿ ಅಮ್ಮಾ. ನಾವು ತಿನ್ನೋರು. ಭಾನುವಾರ ದೇವಸ್ಥಾನ ಅಂತ ಹೇಳಿ ಬಾಗಲಗುಂಟೆ ಅತ್ತೆ ಮನೆಗೆ ಓಡ್ತಿದ್ವಿ. ಈಗ ಬಸ್ಸು ಹತ್ತಕ್ಕಾಗಲ್ಲ. ಕುರಿಕಾಲಿನ ಸಾರು ಅಂದ್ರೆ ಜೀವ ಬಾಯಿ ಬಾಯಿ ಬಿಡ್ತೈತೆ. ನಿಮ್ಮನೇಲಿ ಬೇಯಿಸಿ ಮೈಲಿಗೆ ಮಾಡಕ್ಕೆ ಮನಸ್ಸು ಬರ್ಲಿಲ್ಲ.”

ಗೋಪಾಲಮ್ಮನಿಗೆ ನಗು ಒತ್ತರಿಸಿ ಬಂತು. ಬಸುರಿ ಅಳುವಾಗ ನಗಬಾರದೆಂದು ಸೆರಗನ್ನು ಬಾಯಿಗೊತ್ತಿಕೊಂಡು ಸರಸರ ಇಳಿದಳು. ಹಿಂದೆ ಧನಲಕ್ಷ್ಮಿಯ ಅಳು ಇನ್ನಷ್ಟು ಜೋರಾದದ್ದು ಕೇಳಿಸಿತು.

ಮರುದಿನ ಭಾನುವಾರ. ಯಾರೂ ದೇವಸ್ಥಾನಕ್ಕೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಅಡುಗೆಮನೆಯಿಂದ ಮೆಣಸು, ಕೊತ್ತಂಬರಿ ಮಸಾಲೆಯಲ್ಲಿ ಕುದಿಯುತ್ತಿದ್ದ ಕುರಿಕಾಲಿನ ಘಮ ಯಾರನ್ನೂ ಕೇಳದೆ ಮಹಡಿ ಹತ್ತಿತು. ಅದರ ಹಿಂದೆಯೇ ತಪ್ಪಲೆ ಹಿಡಿದುಕೊಂಡು ಗೋಪಾಲಮ್ಮನೂ ಹತ್ತಿದಳು.

“ನಿಮ್ಮ ದೆಸೆಯಿಂದ ನಾನೂ ವರ್ಷವೆಲ್ಲ ಇಂಗೇ ದೇವಸ್ಥಾನ ಸುತ್ತಿದೆ ಕಣಮ್ಮಿ,” ಎಂದಳು. “ಇನ್ನು ಇಬ್ರಿಗೂ ಅದು ಸಾಕು. ಎಲ್ಲೂ ಹೋಗ್ಬ್ಯಾಡ, ಉಣ್ಣು.”

ಕೆಳಗೆ ಬಂದು ಮುದ್ದೆ ಮುರಿದು ಕೂತಳು. ಸ್ವಲ್ಪ ಹೊತ್ತಿಗೆ ಮೇಲಿಂದ ಮೂಳೆಯನ್ನು ತಟ್ಟೆಗೆ ಕುಟ್ಟುವ ಸದ್ದು ಬಂತು, ಮೊದಲು ಹೆದರಿ ಹೆದರಿ, ಆಮೇಲೆ ಜೋರಾಗಿ. ಗೋಪಾಲಮ್ಮ ತನ್ನ ತಟ್ಟೆಯ ಮೂಳೆಯನ್ನೆತ್ತಿ ತಾನೂ ಕುಟ್ಟಿದಳು.